ಜ್ವರಕ್ಕೆ ಬಲ ಕೊಡುವ ಸಕ್ಕರೆ

ಅದೇ ವೈರಸ್ ಒಬ್ಬರಿಗೆ ನಾಲ್ಕು ದಿನದ ನೆಗಡಿ, ಇನ್ನೊಬ್ಬರಿಗೆ ಐಸಿಯು ಹಾಸಿಗೆ. ಈ ವ್ಯತ್ಯಾಸದಲ್ಲಿ ರಕ್ತದ ಸಕ್ಕರೆಯ ಪಾಲು ದೊಡ್ಡದು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ನಗರಗಳು ಕೋವಿಡ್ ಕಾಲದಲ್ಲಿ ಬೆಲೆ ತೆತ್ತು ಕಲಿತ ಪಾಠವನ್ನು ಮಳೆಗಾಲದ ಜ್ವರದ ಈ ದಿನಗಳಲ್ಲಿ ಮರೆಯುವಂತಿಲ್ಲ.

2021ರ ಏಪ್ರಿಲ್ 19ರ ರಾತ್ರಿ ನವಿ ಮುಂಬಯಿಯ ಕಲಂಬೋಲಿ ಸರಕು ನಿಲ್ದಾಣದಿಂದ ಹೊರಟ ಗಾಡಿಯಲ್ಲಿ ಪ್ರಯಾಣಿಕರಿಗೆ ಆಸನಗಳಿರಲಿಲ್ಲ. ಚಪ್ಪಟೆ ವ್ಯಾಗನ್‌ಗಳ ಮೇಲೆ ಸಾಲಾಗಿ ಬಿಗಿದು ನಿಲ್ಲಿಸಿದ ಏಳು ಖಾಲಿ ಟ್ಯಾಂಕರ್‌ಗಳಿದ್ದವು. ದ್ರವರೂಪದ ಆಮ್ಲಜನಕವನ್ನು ತುಂಬಿಕೊಂಡು ಬರಲು ಅವು ವಿಶಾಖಪಟ್ಟಣಕ್ಕೆ ಹೊರಟಿದ್ದವು. ದೇಶದ ಮೊದಲ ‘ಆಕ್ಸಿಜನ್ ಎಕ್ಸ್‌ಪ್ರೆಸ್’ ಎಂದು ದಾಖಲಾದ ಗಾಡಿ ಇದೇ.

ಟ್ಯಾಂಕರ್‌ಗಳ ಎತ್ತರಕ್ಕೆ ಘಟ್ಟದ ಮಾರ್ಗ ಒಗ್ಗದ ಕಾರಣ ಗಾಡಿ ವಸಾಯಿ, ಸೂರತ್, ಭೂಸಾವಳ್, ನಾಗಪುರಗಳ ಸುತ್ತುದಾರಿ ಹಿಡಿದು, 1,850 ಕಿಲೋಮೀಟರ್‌ಗೂ ಹೆಚ್ಚಿನ ದೂರವನ್ನು ಸುಮಾರು 50 ಗಂಟೆಗಳಲ್ಲಿ ಕ್ರಮಿಸಿತು. ಆ ವಾರ ಮಹಾರಾಷ್ಟ್ರದ ಆಸ್ಪತ್ರೆಗಳಲ್ಲಿ ಆಮ್ಲಜನಕದ ಒಂದೊಂದು ಗಂಟೆಯ ದಾಸ್ತಾನನ್ನೂ ಲೆಕ್ಕ ಹಾಕಬೇಕಾದ ಸ್ಥಿತಿ ಇತ್ತು.

ಅಷ್ಟೊಂದು ಆಮ್ಲಜನಕ ಯಾರಿಗೆ ಬೇಕಾಗಿತ್ತು ಎಂಬ ಪ್ರಶ್ನೆಯಲ್ಲೇ ಈ ಲೇಖನದ ತಿರುಳಿದೆ. ಸೋಂಕು ತಗುಲಿದವರಲ್ಲಿ ಹೆಚ್ಚಿನವರು ಮನೆಯಲ್ಲೇ ಚೇತರಿಸಿಕೊಂಡರು. ಉಸಿರು ಸಾಲದೆ ಹಾಸಿಗೆ ಹುಡುಕಿಕೊಂಡು ಹೋದವರಲ್ಲಿ ವಯಸ್ಸಾದವರು, ಹೃದಯ ಹಾಗೂ ಮೂತ್ರಪಿಂಡದ ಕಾಯಿಲೆಯವರು, ಸ್ಥೂಲಕಾಯದವರು ಮತ್ತು ಮಧುಮೇಹಿಗಳು ಎದ್ದು ಕಾಣುವಷ್ಟು ಪ್ರಮಾಣದಲ್ಲಿದ್ದರು. ಈ ನಾಲ್ಕು ಗುಂಪುಗಳೂ ಒಂದಕ್ಕೊಂದು ಹೆಣೆದುಕೊಂಡಿದ್ದು, ಅವುಗಳನ್ನು ಹೆಣೆಯುವ ದಾರವಾಗಿ ಬಹಳ ಸಲ ಕಾಣಿಸಿಕೊಳ್ಳುವುದು ಮಧುಮೇಹ.

ಮೊದಲೇ ಸಿಕ್ಕಿದ್ದ ಸುಳಿವು

ಉಸಿರಾಟದ ವೈರಸ್‌ಗಳು ಮಧುಮೇಹಿಗಳನ್ನು ಹೆಚ್ಚು ಕಾಡುತ್ತವೆ ಎಂಬುದು ಕೋವಿಡ್ ಬಂದ ಮೇಲೆ ತಿಳಿದ ಸಂಗತಿಯಲ್ಲ. 2009ರ ಎಚ್1ಎನ್1 ಜ್ವರದ ಅಲೆಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸಂಶೋಧಕರು ಲೆಕ್ಕ ಹಾಕಿದಾಗ, ಮಧುಮೇಹ ಇದ್ದವರು ಆಸ್ಪತ್ರೆಗೆ ಸೇರುವ ಸಾಧ್ಯತೆ ಮೂರು ಪಟ್ಟು, ಆಸ್ಪತ್ರೆ ಸೇರಿದ ಮೇಲೆ ತೀವ್ರ ನಿಗಾ ಘಟಕ ತಲುಪುವ ಸಾಧ್ಯತೆ ನಾಲ್ಕು ಪಟ್ಟು ಇರುವುದು ಕಂಡುಬಂದಿತ್ತು.

ಭಾರತದಲ್ಲಿ ಆ ಜ್ವರದ ಮೊದಲ ಸಾವು ಸಂಭವಿಸಿದ್ದು 2009ರ ಆಗಸ್ಟ್ 3ರಂದು, ಪುಣೆಯಲ್ಲಿ. ಥಾಣೆ ಜಿಲ್ಲೆಯ ಊರುಗಳು ಪುಣೆ–ಮುಂಬಯಿ ಮಾರ್ಗದಲ್ಲೇ ಇರುವುದರಿಂದ ‘ಹಂದಿಜ್ವರ’ ಎಂಬ ಹೆಸರು ಇಲ್ಲಿನ ಮನೆಗಳಿಗೆ ಆಗಲೇ ಪರಿಚಯವಾಯಿತು. ಆದರೆ ಸಕ್ಕರೆ ಕಾಯಿಲೆಗೂ ಆ ಜ್ವರದ ತೀವ್ರತೆಗೂ ಇರುವ ನಂಟು ವೈದ್ಯಕೀಯ ಪತ್ರಿಕೆಗಳಿಂದ ಜನರ ನಡುವೆ ಇಳಿದು ಬರಲಿಲ್ಲ.

2012ರಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದ ಮರ್ಸ್ ಎಂಬ ಕೊರೊನಾ ವೈರಸ್ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಅದರಿಂದ ತೀವ್ರವಾಗಿ ಬಳಲಿದವರಲ್ಲಿ ಮಧುಮೇಹಿಗಳು ಬಹಳ ಮಂದಿ ಇದ್ದರು. ಆ ವೈರಸ್ ಜೀವಕೋಶದೊಳಗೆ ನುಗ್ಗಲು ಬಳಸುವ ಡಿಪಿಪಿ-4 ಎಂಬ ಪ್ರೋಟೀನನ್ನೇ ‘ಗ್ಲಿಪ್ಟಿನ್’ ಗುಂಪಿನ ಸಕ್ಕರೆ ಮಾತ್ರೆಗಳೂ ಗುರಿಯಾಗಿಸುತ್ತವೆ ಎಂಬುದು ಸಂಶೋಧಕರ ಕುತೂಹಲವನ್ನು ಕೆರಳಿಸಿತು.

ಕೋವಿಡ್ ಬಂದಾಗ ಅನುಮಾನಕ್ಕೆ ಎಡೆ ಉಳಿಯಲಿಲ್ಲ. 2020ರ ಮಾರ್ಚ್‌ನಿಂದ ಮೇ ನಡುವೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಕೋವಿಡ್‌ನಿಂದ ಸತ್ತವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಮಧುಮೇಹಿಗಳಾಗಿದ್ದರು. ವಯಸ್ಸು, ಲಿಂಗ, ಬಡತನ, ಜನಾಂಗ ಇತ್ಯಾದಿಗಳನ್ನು ಸರಿದೂಗಿಸಿ ನೋಡಿದಾಗಲೂ, ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಬರುವ ಎರಡನೇ ಬಗೆಯ ಮಧುಮೇಹದಲ್ಲಿ ಸಾವಿನ ಅಪಾಯ ಸುಮಾರು ಎರಡು ಪಟ್ಟು, ಇನ್ಸುಲಿನ್ ಇಲ್ಲದೆ ಬದುಕಲಾಗದ ಒಂದನೇ ಬಗೆಯಲ್ಲಿ ಸುಮಾರು ಮೂರೂವರೆ ಪಟ್ಟು ಇತ್ತು. ಆದರೆ ಎಳೆಯ ವಯಸ್ಸಿನವರಲ್ಲಿ ಒಟ್ಟು ಅಪಾಯವೇ ತೀರ ಕಡಿಮೆ ಇದ್ದುದರಿಂದ, ಅವರ ಮಟ್ಟಿಗೆ ಈ ಪಟ್ಟುಗಳ ಲೆಕ್ಕ ಭೀತಿಗೆ ಕಾರಣವಾಗಬೇಕಿರಲಿಲ್ಲ.

■ ಚೌಕಟ್ಟು: ಅಂಕಿಗಳು ಹೇಳುವುದೇನು?

• ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ‘ಇಂಡಿಯಾಬ್’ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ.

• ಮಧುಮೇಹದ ಹೊಸ್ತಿಲಲ್ಲಿ ಇರುವವರು ಸುಮಾರು 13.6 ಕೋಟಿ.

• ನಗರವಾಸಿ ವಯಸ್ಕರಲ್ಲಿ ಶೇ. 16.4, ಗ್ರಾಮವಾಸಿಗಳಲ್ಲಿ ಶೇ. 8.9 ಮಂದಿಗೆ ಮಧುಮೇಹವಿದೆ.

• ‘ಎಚ್‌ಬಿಎ1ಸಿ’ ಎಂಬ ರಕ್ತ ಪರೀಕ್ಷೆ ಹಿಂದಿನ ಎರಡು–ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುತ್ತದೆ, ಶೇ. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ, 5.7ರಿಂದ 6.4ರವರೆಗೆ ಇದ್ದರೆ ಅದರ ಹೊಸ್ತಿಲು.

ದೇಹದೊಳಗೆ ನಡೆಯುವುದೇನು?

ವೈರಸ್ ಮೂಗು–ಗಂಟಲುಗಳ ಒಳಪದರಕ್ಕೆ ಅಂಟಿಕೊಂಡ ಕೂಡಲೇ ಅಲ್ಲಿನ ಜೀವಕೋಶಗಳು ‘ಇಂಟರ್‌ಫೆರಾನ್’ ಎಂಬ ರಾಸಾಯನಿಕವನ್ನು ಹೊರಬಿಟ್ಟು ಅಕ್ಕಪಕ್ಕದ ಜೀವಕೋಶಗಳನ್ನು ಎಚ್ಚರಿಸುತ್ತವೆ. ಈ ಮೊದಲ ಎಚ್ಚರಿಕೆ ಎಷ್ಟು ಬೇಗ ಹೊರಡುತ್ತದೆ ಎಂಬುದರ ಮೇಲೆ, ಸೋಂಕು ಗಂಟಲಲ್ಲೇ ಮುಗಿಯುತ್ತದೆಯೋ ಶ್ವಾಸಕೋಶಕ್ಕೆ ಇಳಿಯುತ್ತದೆಯೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಸಕ್ಕರೆ ದೀರ್ಘಕಾಲ ಹತೋಟಿ ಮೀರಿದ ದೇಹದಲ್ಲಿ ಈ ಎಚ್ಚರಿಕೆ ತಡವಾಗಿಯೂ ಕ್ಷೀಣವಾಗಿಯೂ ಹೊರಡುವುದುಂಟು.

ಎರಡನೆಯ ಸಾಲಿನಲ್ಲಿ ನಿಲ್ಲುವ ಬಿಳಿ ರಕ್ತಕಣಗಳದ್ದೂ ಇದೇ ಪಾಡು. ಸೋಂಕಿನ ಜಾಗಕ್ಕೆ ಧಾವಿಸುವ, ಸೂಕ್ಷ್ಮಜೀವಿಯನ್ನು ನುಂಗುವ, ನುಂಗಿದ್ದನ್ನು ಕೊಲ್ಲುವ ಮೂರೂ ಕೆಲಸಗಳಲ್ಲಿ ಅವು ಹೆಚ್ಚಿದ ಸಕ್ಕರೆಯ ನಡುವೆ ಚುರುಕು ಕಳೆದುಕೊಳ್ಳುತ್ತವೆ. ಹೀಗಾಗಿ ಮೊದಲ ದಿನಗಳಲ್ಲಿ ವೈರಸ್‌ಗೆ ಬೆಳೆಯಲು ಬಿಡುವು ಸಿಗುತ್ತದೆ.

ಆರಂಭದಲ್ಲಿ ಮಂದವಾಗಿದ್ದ ಅದೇ ರೋಗನಿರೋಧಕ ವ್ಯವಸ್ಥೆ ಒಂದು ವಾರದ ಹೊತ್ತಿಗೆ ಅತಿಯಾಗಿ ಕೆರಳುವುದೇ ಈ ಕಾಯಿಲೆಯ ವಿಪರ್ಯಾಸ. ಮಧುಮೇಹದಲ್ಲಿ, ಅದರಲ್ಲೂ ಹೊಟ್ಟೆಯ ಸುತ್ತ ಕೊಬ್ಬು ಸೇರಿದವರಲ್ಲಿ, ಸೋಂಕಿಲ್ಲದ ದಿನಗಳಲ್ಲೂ ದೇಹದಲ್ಲಿ ಸಣ್ಣ ಪ್ರಮಾಣದ ಉರಿಯೂತ ಇದ್ದೇ ಇರುತ್ತದೆ; ಉರಿಯೂತವೆಂದರೆ ಗಾಯ ಅಥವಾ ಸೋಂಕಿಗೆ ದೇಹ ತೋರುವ ಕಾವು, ಊತ, ಕೆಂಪು ಬಣ್ಣದ ಪ್ರತಿಕ್ರಿಯೆ. ಈಗಾಗಲೇ ಹೊಗೆಯಾಡುತ್ತಿರುವ ಒಲೆಗೆ ವೈರಸ್ ಎಣ್ಣೆ ಸುರಿದಂತಾಗಿ, ಆ ಕಾವಿನಲ್ಲಿ ಶ್ವಾಸಕೋಶದ ಗಾಳಿಚೀಲಗಳೇ ಬೇಯುತ್ತವೆ.

ರಕ್ತನಾಳಗಳ ಒಳಪದರವೂ ಇದಕ್ಕೆ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಹೆಚ್ಚಿದ ಸಕ್ಕರೆಯಿಂದ ಆ ಪದರ ಒರಟಾಗಿ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಾಗಿರುತ್ತದೆ. ಕೋವಿಡ್‌ನಂಥ ಸೋಂಕು ಅದೇ ಪದರಕ್ಕೆ ಇನ್ನಷ್ಟು ಪೆಟ್ಟು ಕೊಟ್ಟಾಗ ಶ್ವಾಸಕೋಶದ ಸೂಕ್ಷ್ಮ ನಾಳಗಳಲ್ಲಿ ಹೆಪ್ಪುಗಳು ಕಟ್ಟಿ, ಗಾಳಿ ಒಳಗೆ ಹೋದರೂ ಆಮ್ಲಜನಕ ರಕ್ತಕ್ಕೆ ಸೇರದಂತಾಗುತ್ತದೆ.

ಶ್ವಾಸನಾಳದ ಒಳಮೈಯನ್ನು ತೇವವಾಗಿಡುವ ತೆಳುವಾದ ದ್ರವದಲ್ಲಿ ಸಾಮಾನ್ಯವಾಗಿ ರಕ್ತದಲ್ಲಿರುವುದರ ಹತ್ತನೇ ಒಂದು ಭಾಗದಷ್ಟೂ ಸಕ್ಕರೆ ಇರುವುದಿಲ್ಲ, ಮತ್ತು ಈ ಕೊರತೆಯೇ ಬ್ಯಾಕ್ಟೀರಿಯಾಗಳನ್ನು ಅಲ್ಲಿ ಉಪವಾಸ ಕೆಡವುತ್ತದೆ. ರಕ್ತದ ಸಕ್ಕರೆ ಏರಿದಾಗ, ವೈರಸ್‌ನಿಂದ ಒಳಪದರ ಹಾಳಾದಾಗ, ಆ ದ್ರವಕ್ಕೂ ಸಕ್ಕರೆ ಸೋರುತ್ತದೆ. ಫ್ಲೂ ಇಳಿಯಿತು ಎನ್ನುವಷ್ಟರಲ್ಲಿ ಮತ್ತೆ ಜ್ವರ ಏರಿ ಬ್ಯಾಕ್ಟೀರಿಯಾದ ನ್ಯುಮೋನಿಯಾ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಎರಡು ಕಡೆಯಿಂದಲೂ ನಡೆಯುವ ವ್ಯವಹಾರ

ಸಕ್ಕರೆ ಸೋಂಕನ್ನು ಹೆಚ್ಚಿಸುವಂತೆ ಸೋಂಕು ಸಕ್ಕರೆಯನ್ನೂ ಹೆಚ್ಚಿಸುತ್ತದೆ. ಜ್ವರದ ಒತ್ತಡಕ್ಕೆ ದೇಹ ಕಾರ್ಟಿಸಾಲ್, ಅಡ್ರಿನಲಿನ್, ಗ್ಲುಕಗಾನ್ ಹಾರ್ಮೋನುಗಳನ್ನು ಸುರಿಸುತ್ತದೆ. ಇವೆಲ್ಲ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುವುದರಿಂದ, ರೋಗಿ ಗಂಜಿಯನ್ನಷ್ಟೇ ಕುಡಿದಿದ್ದರೂ, ಕೆಲವೊಮ್ಮೆ ಏನೂ ತಿನ್ನದಿದ್ದರೂ, ಯಕೃತ್ತು ತನ್ನ ದಾಸ್ತಾನಿನಿಂದಲೇ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ.

‘ಊಟವೇ ಮಾಡಿಲ್ಲ, ಶುಗರ್ ಹೇಗೆ ಏರುತ್ತದೆ’ ಎಂದು ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದೇ ತಪ್ಪು ಗ್ರಹಿಕೆಯಿಂದ ಜ್ವರದ ದಿನಗಳಲ್ಲಿ ಇನ್ಸುಲಿನ್ ನಿಲ್ಲಿಸಿ ‘ಕೀಟೊ ಅಸಿಡೋಸಿಸ್’ ಎಂಬ ಅಪಾಯಕ್ಕೆ ಸಿಲುಕುವವರಿದ್ದಾರೆ. ಸಕ್ಕರೆಯನ್ನು ಉರಿಸಲಾಗದ ದೇಹ ಕೊಬ್ಬನ್ನು ಉರಿಸಿ, ಅದರಿಂದ ಹುಟ್ಟುವ ಆಮ್ಲಗಳು ರಕ್ತದಲ್ಲಿ ಸೇರಿಕೊಳ್ಳುವ ಸ್ಥಿತಿ ಅದು. ತಕ್ಷಣ ಚಿಕಿತ್ಸೆ ಸಿಗದಿದ್ದರೆ ಪ್ರಾಣಾಂತಿಕ.

ಸೋಂಕು ಹೋದ ಮೇಲೂ ಲೆಕ್ಕ ಚುಕ್ತಾ ಆಗುವುದಿಲ್ಲ. ಅಮೆರಿಕದ ಮಾಜಿ ಸೈನಿಕರ ಆರೋಗ್ಯ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಕೋವಿಡ್ ಬಂದುಹೋದವರಿಗೆ ಮುಂದಿನ ಒಂದು ವರ್ಷದಲ್ಲಿ ಹೊಸದಾಗಿ ಮಧುಮೇಹ ಕಾಣಿಸಿಕೊಳ್ಳುವ ಅಪಾಯ ಉಳಿದವರಿಗಿಂತ ಸುಮಾರು ಶೇ. 40ರಷ್ಟು ಹೆಚ್ಚು ಎಂದು ತಿಳಿಸಿತು.

ಲೋಕಲ್ ಗಾಡಿಯ ಊರುಗಳು

ಥಾಣೆಗೂ ಸಾಂಕ್ರಾಮಿಕಗಳಿಗೂ ನಡುವಿನ ಹಾದಿ ರೈಲಿನದು. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಬಂದು ನಿಂತದ್ದು ಥಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. 1918ರ ಜೂನ್‌ನಲ್ಲಿ ಮುಂಬಯಿ ಬಂದರಿನ ಸುತ್ತ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಒಳನಾಡಿಗೆ ಹರಡಲು ಹಿಡಿದದ್ದು ಇಂಥ ಹಳಿಗಳನ್ನೇ, ಮತ್ತು ಅದು ಭಾರತದಲ್ಲಿ ಬಲಿ ತೆಗೆದುಕೊಂಡದ್ದು ಒಂದು ಕೋಟಿಗೂ ಹೆಚ್ಚು ಜೀವಗಳನ್ನು.

ಆಗಿನ್ನೂ ಇನ್ಸುಲಿನ್ ಇರಲಿಲ್ಲ. ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಅದನ್ನು ಮೊದಲ ಬಾರಿಗೆ ಚುಚ್ಚಿದ್ದು 1922ರ ಜನವರಿಯಲ್ಲಿ. 1918ರ ಮಧುಮೇಹಿಗೆ ಹಸಿವಿನ ಪಥ್ಯದ ಹೊರತು ಮದ್ದೇ ಇರಲಿಲ್ಲ. ಇಂದಿನ ಮಧುಮೇಹಿಯ ಕೈಯಲ್ಲಿ ಇನ್ಸುಲಿನ್ ಇದೆ, ಹತ್ತಾರು ಬಗೆಯ ಮಾತ್ರೆಗಳಿವೆ, ಮನೆಯಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡುವ ಗ್ಲುಕೋಮೀಟರ್ ಇದೆ, ಲಸಿಕೆ ಇದೆ. ಇಷ್ಟಿದ್ದೂ ಅವನ್ನು ಬಳಸದೆ ಉಳಿದರೆ ಆ ನಷ್ಟಕ್ಕೆ ಕಾಲವನ್ನು ದೂರಿ ಫಲವಿಲ್ಲ.

ಡೊಂಬಿವಲಿ ಮಧ್ಯ ರೈಲ್ವೆಯ ಅತ್ಯಂತ ದಟ್ಟಣೆಯ ನಿಲ್ದಾಣಗಳಲ್ಲಿ ಒಂದು. ಬೆಳಗಿನ ಗಾಡಿಯಲ್ಲಿ ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ತಾಗುವಷ್ಟು ಒತ್ತಾಗಿ ನಿಂತು ಒಂದು ಗಂಟೆಗೂ ಮಿಕ್ಕಿ ಪ್ರಯಾಣಿಸುವವರು, ಸಂಜೆ ಅದೇ ರೀತಿ ಮರಳಿ, ರಾತ್ರಿ ತಡವಾಗಿ ಉಂಡು ಮಲಗುತ್ತಾರೆ. ಮಳೆಗಾಲದಲ್ಲಿ ಕಿಟಕಿ–ಬಾಗಿಲುಗಳು ಮುಚ್ಚಿಕೊಂಡಾಗ ಉಸಿರಾಟದ ವೈರಸ್‌ಗೆ ಇದಕ್ಕಿಂತ ಅನುಕೂಲದ ಜಾಗ ಬೇಕಿಲ್ಲ. ನಡಿಗೆಗೆ ಬಿಡುವಿಲ್ಲದ, ನಿದ್ದೆ ಕೊರೆಯುವ, ಊಟದ ಹೊತ್ತು ತಪ್ಪುವ ಅದೇ ದಿನಚರಿ ಮಧುಮೇಹಕ್ಕೂ ಅನುಕೂಲ.

ಈ ಊರುಗಳ ಕನ್ನಡಿಗರಿಗೆ ಈ ಮಾತು ಹತ್ತಿರದ್ದು. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದು ಹೋಟೆಲು, ಬ್ಯಾಂಕು, ಕಾರ್ಖಾನೆ, ಕಚೇರಿಗಳಲ್ಲಿ ದುಡಿದ ತಲೆಮಾರು ಇಲ್ಲಿ ನೆಲೆ ನಿಂತು, ಮಂಜುನಾಥ ವಿದ್ಯಾಲಯವನ್ನು ನಡೆಸುವ ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆಗಳನ್ನು ಕಟ್ಟಿತು. ಆ ತಲೆಮಾರು ಈಗ ಅರವತ್ತು ದಾಟಿದೆ. ಹೋಟೆಲಿನ ಕೆಲಸವೆಂದರೆ ಗಿರಾಕಿಗಳ ಊಟ ಮುಗಿದ ಮೇಲೆ ತಮ್ಮ ಊಟ. ದಿನವಿಡೀ ನಿಂತು ಸಕ್ಕರೆ ಹಾಕಿದ ಚಹಾ ಕುಡಿಯುವ ರೂಢಿ ಬೇರೆ.

ಪಾಶ್ಚಾತ್ಯರಿಗೆ ಹೋಲಿಸಿದರೆ ಭಾರತೀಯರಿಗೆ ಮಧುಮೇಹ ಸುಮಾರು ಹತ್ತು ವರ್ಷ ಮೊದಲೇ, ಅಷ್ಟೇನೂ ದಪ್ಪವಲ್ಲದ ಮೈಯಲ್ಲೂ ಬರುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಮೈಕಟ್ಟು ಇದರ ಗುರುತು. ಹಾಗಾಗಿ ‘ದಪ್ಪಗಿಲ್ಲ, ಆದ್ದರಿಂದ ಶುಗರ್ ಇರಲಾರದು’ ಎಂಬ ನಂಬಿಕೆಯಿಂದ ಪರೀಕ್ಷೆ ತಪ್ಪಿಸಿಕೊಂಡವರಿಗೆ, ಜ್ವರ ಬಂದು ಆಸ್ಪತ್ರೆ ಸೇರಿದ ದಿನವೇ ತಮಗೆ ಮಧುಮೇಹ ಇರುವುದು ತಿಳಿಯುವ ಪ್ರಸಂಗಗಳು ಕೋವಿಡ್ ಕಾಲದಲ್ಲಿ ಸಾಮಾನ್ಯವಾದವು.

ಬಾಗಿಲಿಗೆ ಬಂದ ಪ್ರಶ್ನೆ

2020ರ ಬೇಸಿಗೆ ಮತ್ತು ಮಳೆಗಾಲದಲ್ಲಿ ಇಲ್ಲಿನ ಪಾಲಿಕೆಗಳು ಇದ್ದಬದ್ದ ವಿಶಾಲ ಜಾಗಗಳನ್ನೆಲ್ಲ ಆಸ್ಪತ್ರೆಗಳಾಗಿಸಿದವು. ಥಾಣೆಯ ಬಾಳ್ಕುಮ್‌ನಲ್ಲಿ 1,024 ಹಾಸಿಗೆಗಳ ಕೋವಿಡ್ ಆಸ್ಪತ್ರೆ ಎದ್ದಿತು; ವಾಶಿಯ ಸಿಡ್ಕೊ ಪ್ರದರ್ಶನ ಕೇಂದ್ರ, ಡೊಂಬಿವಲಿಯ ಸಾವಳಾರಾಮ ಮಹಾರಾಜ ಕ್ರೀಡಾ ಸಂಕುಲಗಳು ವಾರ್ಡುಗಳಾದವು. ಹಾಸಿಗೆ ಹೆಚ್ಚಿಸಿದಷ್ಟೂ ಸಾಲದು, ಹಾಸಿಗೆ ಬೇಕಾಗಬಹುದಾದವರನ್ನು ಮೊದಲೇ ಗುರುತಿಸಬೇಕು ಎಂಬ ಅರಿವು ಆ ಹೊತ್ತಿಗೆ ಮೂಡಿತ್ತು.

ಮಹಾರಾಷ್ಟ್ರ ಸರ್ಕಾರ 2020ರ ಸೆಪ್ಟೆಂಬರ್ 15ರಂದು ಆರಂಭಿಸಿದ ‘ಮಾಝೆ ಕುಟುಂಬ, ಮಾಝೀ ಜಬಾಬ್ದಾರಿ’ ಅಭಿಯಾನದ ಹುರುಳು ಇದೇ. ಆರೋಗ್ಯ ಕಾರ್ಯಕರ್ತೆಯರು ಮನೆಮನೆಯ ಬಾಗಿಲಲ್ಲಿ ನಿಂತು, ಹಣೆಗೆ ತಾಪಮಾಪಕ ಹಿಡಿದು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ ಇದೆಯೇ ಎಂದು ಕೇಳಿ ಬರೆದುಕೊಂಡರು. ಇರುವ ಕಾಯಿಲೆಗಳ ಪಟ್ಟಿ ಒಂದು ಸಾಂಕ್ರಾಮಿಕದ ನೆಪದಲ್ಲಿ ಮನೆಬಾಗಿಲಲ್ಲೇ ತಯಾರಾಯಿತು.

ಕಲ್ಯಾಣ್–ಡೊಂಬಿವಲಿ ಮಹಾನಗರಪಾಲಿಕೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಊರಿನ ಖಾಸಗಿ ವೈದ್ಯರನ್ನು ತನ್ನ ಜೊತೆಗೆ ಸೇರಿಸಿಕೊಂಡು ‘ಡಾಕ್ಟರ್ ಆರ್ಮಿ’ ಎಂಬ ಪಡೆಯನ್ನು ಕಟ್ಟಿತು. ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಪ್ರಶಸ್ತಿಗಳ ಕೋವಿಡ್ ವಿಭಾಗದಲ್ಲಿ ವಾರಾಣಸಿಯೊಂದಿಗೆ ಕಲ್ಯಾಣ್–ಡೊಂಬಿವಲಿಯ ಹೆಸರೂ 2021ರ ಜೂನ್‌ನಲ್ಲಿ ಘೋಷಣೆಯಾಯಿತು.

‘ಡಾಕ್ಟರ್ ಆರ್ಮಿ’ಯ ಹಿಂದಿನ ತಿಳಿವಳಿಕೆ ಇಂದಿಗೂ ಬೆಲೆಯುಳ್ಳದ್ದು. ಒಂದು ಕುಟುಂಬದ ಯಾರಿಗೆ ಎಷ್ಟು ವರ್ಷಗಳಿಂದ ಮಧುಮೇಹ, ಯಾವ ಮಾತ್ರೆ, ಮೂತ್ರಪಿಂಡದ ಸ್ಥಿತಿ ಏನು ಎಂಬುದು ದೊಡ್ಡ ಆಸ್ಪತ್ರೆಯ ಕಂಪ್ಯೂಟರಿಗಿಂತ ಸ್ಟೇಷನ್ ರಸ್ತೆಯ ದವಾಖಾನೆಯ ಫ್ಯಾಮಿಲಿ ಡಾಕ್ಟರಿಗೆ ಚೆನ್ನಾಗಿ ಗೊತ್ತಿರುತ್ತದೆ. ಜ್ವರದ ಮೊದಲ ದಿನ ರೋಗಿ ಹೋಗುವುದೂ ಅಲ್ಲಿಗೇ.

ಕಪ್ಪು ಶಿಲೀಂಧ್ರದ ಪಾಠ

ಎರಡನೇ ಅಲೆಯ ಕೊನೆಯಲ್ಲಿ ಬಂದ ‘ಮ್ಯೂಕರ್‌ಮೈಕೋಸಿಸ್’ ಸಕ್ಕರೆ–ಸೋಂಕುಗಳ ನಂಟಿನ ಅತ್ಯಂತ ಕ್ರೂರ ಮುಖ. 2021ರ ಮೇ ತಿಂಗಳಲ್ಲಿ ಕಲ್ಯಾಣ್–ಡೊಂಬಿವಲಿ ಭಾಗದಲ್ಲಿ ಇಬ್ಬರು ಇದಕ್ಕೆ ಬಲಿಯಾದ ಸುದ್ದಿ ಬಂತು. ಅದೇ ತಿಂಗಳ 20ರಂದು ಕೇಂದ್ರ ಆರೋಗ್ಯ ಸಚಿವಾಲಯವು ಇದನ್ನು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗವೆಂದು ಘೋಷಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಜುಲೈ ಹೊತ್ತಿಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು.

ಈ ಶಿಲೀಂಧ್ರದ ಬೀಜಕಣಗಳು ಮಣ್ಣಿನಲ್ಲಿ, ಕೊಳೆತ ಎಲೆಗಳಲ್ಲಿ, ಹಳಸಿದ ಬ್ರೆಡ್ಡಿನಲ್ಲಿ ಎಲ್ಲೆಡೆ ಇವೆ. ಆರೋಗ್ಯವಂತರ ಮೂಗಿನಲ್ಲಿ ಅವಕ್ಕೆ ಬದುಕಿಲ್ಲ. ಸಕ್ಕರೆ ಹೆಚ್ಚಿ ರಕ್ತ ಆಮ್ಲೀಯವಾದಾಗ, ಪ್ರೋಟೀನುಗಳಿಗೆ ಕಟ್ಟಿಕೊಂಡಿದ್ದ ಕಬ್ಬಿಣ ಬಿಡುಗಡೆಯಾಗಿ ಶಿಲೀಂಧ್ರಕ್ಕೆ ಆಹಾರವಾಗುತ್ತದೆ. ಆಗ ಅದು ಮೂಗಿನ ಪಕ್ಕದ ಕುಹರಗಳಿಂದ ಕಣ್ಣಿಗೆ, ಕಣ್ಣಿನಿಂದ ಮೆದುಳಿಗೆ ರಕ್ತನಾಳಗಳನ್ನೇ ಕೊರೆದುಕೊಂಡು ಸಾಗುತ್ತದೆ.

ಇದಕ್ಕೆ ಬಾಗಿಲು ತೆರೆದವುಗಳಲ್ಲಿ ಸ್ಟಿರಾಯ್ಡ್‌ಗಳೂ ಇದ್ದವು. ಬ್ರಿಟನ್ನಿನ ‘ರಿಕವರಿ’ ಪ್ರಯೋಗದ 2020ರ ಜೂನ್‌ನ ಫಲಿತಾಂಶದಂತೆ, ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನು ಗರಿಷ್ಠ 10 ದಿನ ಕೊಟ್ಟಾಗ ವೆಂಟಿಲೇಟರ್ ಮೇಲಿದ್ದವರ ಸಾವು ಮೂರನೇ ಒಂದರಷ್ಟು, ಆಮ್ಲಜನಕದ ಮೇಲಿದ್ದವರ ಸಾವು ಐದನೇ ಒಂದರಷ್ಟು ತಗ್ಗಿತು. ಆಮ್ಲಜನಕ ಬೇಡದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಆದರೆ ಭೀತಿಯ ಆ ದಿನಗಳಲ್ಲಿ ವಾಟ್ಸಾಪಿನಲ್ಲಿ ಹರಿದಾಡಿದ ಚೀಟಿಗಳನ್ನು ಔಷಧಿ ಅಂಗಡಿಗೆ ತೋರಿಸಿ, ಮೊದಲ ದಿನದಿಂದಲೇ, ಹೆಚ್ಚಿನ ಪ್ರಮಾಣದಲ್ಲಿ, ಹೆಚ್ಚು ದಿನ ಅದನ್ನು ನುಂಗಿದವರು ಬಹಳ.

ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸುವ ಬಗೆಯೂ ಮೋಸದ್ದು. ಬೆಳಿಗ್ಗೆ ಪ್ರೆಡ್ನಿಸೋಲೋನ್ ಮಾತ್ರೆ ತೆಗೆದುಕೊಂಡವರಲ್ಲಿ ಸಕ್ಕರೆ ಹೆಚ್ಚಾಗಿ ಏರುವುದು ಮಧ್ಯಾಹ್ನದ ನಂತರ ಮತ್ತು ಸಂಜೆ. ಬೆಳಗಿನ ಖಾಲಿ ಹೊಟ್ಟೆಯ ಪರೀಕ್ಷೆಯೊಂದನ್ನೇ ನೆಚ್ಚಿಕೊಂಡ ಮನೆಯಲ್ಲಿ ಗ್ಲುಕೋಮೀಟರ್ 120 ತೋರಿಸಿ ಸಮಾಧಾನ ತಂದರೂ, ಸಂಜೆ ಅದೇ ವ್ಯಕ್ತಿಯ ಸಕ್ಕರೆ 300 ದಾಟಿರಬಹುದು.

ಹತೋಟಿಯೇ ವ್ಯತ್ಯಾಸ

ಇಷ್ಟೆಲ್ಲ ಓದಿದ ಮಧುಮೇಹಿ ಹತಾಶರಾಗಬೇಕಿಲ್ಲ, ಏಕೆಂದರೆ ಇದೇ ಸಂಶೋಧನೆಗಳು ಭರವಸೆಯನ್ನೂ ಕೊಡುತ್ತವೆ. ಚೀನಾದ ಹುಬೇ ಪ್ರಾಂತ್ಯದ 19 ಆಸ್ಪತ್ರೆಗಳಲ್ಲಿದ್ದ 7,337 ಕೋವಿಡ್ ರೋಗಿಗಳ ದಾಖಲೆಗಳನ್ನು 2020ರಲ್ಲಿ ಪರಿಶೀಲಿಸಲಾಯಿತು. ಅವರಲ್ಲಿ 952 ಮಂದಿಗೆ ಎರಡನೇ ಬಗೆಯ ಮಧುಮೇಹವಿತ್ತು.

ಆ ಮಧುಮೇಹಿಗಳಲ್ಲಿ, ಆಸ್ಪತ್ರೆಯಲ್ಲಿದ್ದಷ್ಟು ದಿನ ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 70ರಿಂದ 180 ಮಿಲಿಗ್ರಾಂ ಮಿತಿಯೊಳಗೆ ಇದ್ದವರ ಸಾವಿನ ಪ್ರಮಾಣ ಶೇ. 1.1, ಮಿತಿ ಮೀರಿದವರದ್ದು ಶೇ. 11. ರೋಗ ತೀವ್ರವಾದಾಗ ಸಕ್ಕರೆ ತಾನಾಗಿಯೇ ಏರುವುದರಿಂದ ಈ ಅಂತರವೆಲ್ಲವನ್ನೂ ಹತೋಟಿಯ ಫಲವೆಂದು ಹೇಳಲಾಗದು. ಆದರೂ ರೋಗದ ತೀವ್ರತೆ ಮೊದಲಾದವನ್ನು ಸರಿದೂಗಿಸಿದ ಮೇಲೂ ವ್ಯತ್ಯಾಸ ದೊಡ್ಡದಾಗಿಯೇ ಉಳಿಯಿತು.

ವಯಸ್ಸನ್ನು ಹಿಂದಕ್ಕೆ ತಳ್ಳಲಾಗದು, ತಂದೆತಾಯಿಯಿಂದ ಬಂದ ವಂಶವಾಹಿಯನ್ನು ಬದಲಿಸಲಾಗದು. ಸಕ್ಕರೆಯನ್ನು ಮಾತ್ರ ಇಳಿಸಬಹುದು. ಉಸಿರಾಟದ ಸೋಂಕು ತೀವ್ರವಾಗಲು ಕಾರಣವಾಗುವ ಅಂಶಗಳಲ್ಲಿ ರೋಗಿಯ ಮತ್ತು ವೈದ್ಯರ ಕೈಗೆಟಕುವಂಥದ್ದು ಇದು.

ಮಳೆಗಾಲದ ಲಸಿಕೆ

ಕೋವಿಡ್‌ನ ಅಬ್ಬರ ಇಳಿದಿದ್ದರೂ ಇನ್‌ಫ್ಲುಯೆಂಜಾ ಪ್ರತಿವರ್ಷ ಬರುತ್ತದೆ. ಭಾರತದಲ್ಲಿ ಅದು ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲ ಮತ್ತು ಅದರ ಬೆನ್ನಿಗೆ ಇನ್ನೊಮ್ಮೆ ಹೆಚ್ಚುತ್ತದೆ. 2023ರ ಆರಂಭದಲ್ಲಿ ಎಚ್3ಎನ್2 ತಳಿ ವಾರಗಟ್ಟಲೆ ಕೆಮ್ಮಿಸಿದ್ದನ್ನು ಯಾರೂ ಮರೆತಿರಲಾರರು.

ಮಧುಮೇಹಿಗಳು ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕು ಎಂಬುದು ತಜ್ಞರ ಒಮ್ಮತದ ಸಲಹೆ. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಕಳೆದ ವರ್ಷದ ಲಸಿಕೆ ಈ ವರ್ಷಕ್ಕೆ ಸಾಲದು. ಬ್ರಿಟನ್ನಿನಲ್ಲಿ ಎರಡನೇ ಬಗೆಯ ಮಧುಮೇಹವಿದ್ದ ಸುಮಾರು 1.24 ಲಕ್ಷ ಜನರನ್ನು ಗಮನಿಸಿದ ಅಧ್ಯಯನದಲ್ಲಿ, ಲಸಿಕೆ ಪಡೆದವರಲ್ಲಿ ಫ್ಲೂ ಕಾಲದ ಸಾವಿನ ಅಪಾಯ ಶೇ. 24ರಷ್ಟು ಕಡಿಮೆ ಇತ್ತು. ಪಾರ್ಶ್ವವಾಯು ಮತ್ತು ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದೂ ತಗ್ಗಿತ್ತು. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ವಿರುದ್ಧವೂ ಲಸಿಕೆ ಲಭ್ಯವಿದ್ದು, ಅದನ್ನು ಯಾವಾಗ ಹಾಕಿಸಿಕೊಳ್ಳಬೇಕೆಂದು ವೈದ್ಯರನ್ನು ಕೇಳುವುದು ಒಳಿತು.

2021ರ ಮಾರ್ಚ್ 1ರಂದು 45ರಿಂದ 59 ವಯಸ್ಸಿನವರಿಗೆ ಕೋವಿಡ್ ಲಸಿಕೆ ತೆರೆದಾಗ, ಅರ್ಹ ಕಾಯಿಲೆಗಳ ಪಟ್ಟಿಯಲ್ಲಿ ಮಧುಮೇಹಕ್ಕೆ ಷರತ್ತುಗಳಿದ್ದವು: ಹತ್ತು ವರ್ಷ ಮೀರಿರಬೇಕು ಇಲ್ಲವೇ ತೊಡಕುಗಳಾಗಿರಬೇಕು, ಜೊತೆಗೆ ರಕ್ತದೊತ್ತಡಕ್ಕೆ ಚಿಕಿತ್ಸೆ ನಡೆದಿರಬೇಕು. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಅವಕಾಶವಾಯಿತು. ಇಂದು ಫ್ಲೂ ಲಸಿಕೆಗೆ ಸರತಿಯೂ ಇಲ್ಲ, ಷರತ್ತೂ ಇಲ್ಲ. ಇರುವ ಅಡ್ಡಿ ಅದರ ಬೆಲೆ ಮತ್ತು ಅದರ ಬಗೆಗಿನ ಅಜ್ಞಾನ. ಸಂಘ–ಸಂಸ್ಥೆಗಳ ಆರೋಗ್ಯ ಶಿಬಿರಗಳು ಈ ಎರಡನ್ನೂ ತಗ್ಗಿಸಬಲ್ಲವು.

■ ಚೌಕಟ್ಟು: ಮಧುಮೇಹಿಗೆ ಜ್ವರ ಬಂದರೆ

• ರಕ್ತದ ಸಕ್ಕರೆಯನ್ನು ದಿನಕ್ಕೆ ಹಲವು ಸಲ ನೋಡಬೇಕು. ಖಾಲಿ ಹೊಟ್ಟೆಯ ಪರೀಕ್ಷೆ ಒಂದೇ ಸಾಲದು.

• ಊಟ ಕಡಿಮೆಯಾದರೂ ಇನ್ಸುಲಿನ್ ಅನ್ನು ತಾವಾಗಿ ನಿಲ್ಲಿಸಬಾರದು. ಪ್ರಮಾಣವನ್ನು ವೈದ್ಯರನ್ನು ಕೇಳಿ ಬದಲಿಸಬೇಕು.

• ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ವಾಂತಿ–ಭೇದಿಯಿಂದ ನೀರಿನಂಶ ಕಳೆದುಕೊಂಡಾಗ ಮೆಟ್‌ಫಾರ್ಮಿನ್ ಮತ್ತು ‘ಗ್ಲಿಫ್ಲೋಜಿನ್’ ಗುಂಪಿನ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ತಕ್ಷಣ ವೈದ್ಯರನ್ನು ಕೇಳಬೇಕು.

• ಶುಂಠಿ–ಮೆಣಸಿನ ಕಷಾಯಕ್ಕೆ ಬೆಲ್ಲ, ಜೇನು ಬೇಡ. ನೀರು, ಮಜ್ಜಿಗೆ, ತೆಳು ಸಾರು ಧಾರಾಳವಾಗಿರಲಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಇರುವವರು ಆ ಮಿತಿಯನ್ನು ಪಾಲಿಸಬೇಕು.

• ಚೀಟಿ ಇಲ್ಲದೆ ಸ್ಟಿರಾಯ್ಡ್ ನುಂಗಬಾರದು.

• ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದರೆ, ಉಸಿರು ಕಟ್ಟಿದರೆ, ಸಕ್ಕರೆ 300ರ ಆಸುಪಾಸಿನಿಂದ ಇಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ, ಮಂಪರು ಕವಿದರೆ, ಮುಖದ ಒಂದು ಬದಿ ನೋಯುತ್ತ ಮೂಗಿನಿಂದ ಕಪ್ಪು ದ್ರವ ಬಂದರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಆಗಬೇಕಾದ ಕೆಲಸ

ಜ್ವರದ ರೋಗಿಯ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುವುದನ್ನು ಕೋವಿಡ್ ಕಲಿಸಿತು. ಇಂದು ಆ ಪುಟ್ಟ ಉಪಕರಣ ಬಹಳಷ್ಟು ಮನೆಗಳಲ್ಲಿ ಇದೆ. ಅದೇ ಬೆರಳಿನ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡುವುದೂ ಅಷ್ಟೇ ಸಹಜವಾದ ರೂಢಿಯಾಗಬೇಕು. ಪಾಲಿಕೆಯ ಆರೋಗ್ಯ ಕೇಂದ್ರಗಳಲ್ಲಿ ಜ್ವರಕ್ಕೆಂದು ಬರುವ ಮೂವತ್ತು ದಾಟಿದ ಪ್ರತಿಯೊಬ್ಬರ ಸಕ್ಕರೆ ನೋಡುವ ಕ್ರಮ ಬಂದರೆ, ಗೊತ್ತಿಲ್ಲದೆ ಉಳಿದ ಮಧುಮೇಹಿಗಳಲ್ಲಿ ಅನೇಕರು ಅಪಾಯಕ್ಕೆ ಮೊದಲೇ ಸಿಗುತ್ತಾರೆ.

ಮನೆಬಾಗಿಲಿಗೆ ಹೋಗಿ ಕಾಯಿಲೆಗಳನ್ನು ಬರೆದುಕೊಂಡ ಅನುಭವ ಈ ಪಾಲಿಕೆಗಳಿಗಿದೆ, ಫ್ಯಾಮಿಲಿ ಡಾಕ್ಟರುಗಳನ್ನು ಒಂದುಗೂಡಿಸಿದ ಅನುಭವವೂ ಇದೆ. ಸಾಂಕ್ರಾಮಿಕದ ತುರ್ತಿನಲ್ಲಿ ಸಾಧ್ಯವಾದದ್ದು ಶಾಂತಿಕಾಲದಲ್ಲಿ ಅಸಾಧ್ಯವೆನ್ನಲು ಕಾರಣಗಳಿಲ್ಲ. ಕನ್ನಡ ಸಂಘಗಳು ತಮ್ಮ ವಾರ್ಷಿಕ ಕಾರ್ಯಕ್ರಮಗಳ ಒಂದು ಬೆಳಗನ್ನು ಸಕ್ಕರೆ ತಪಾಸಣೆಗೂ ಫ್ಲೂ ಲಸಿಕೆಗೂ ಮೀಸಲಿಟ್ಟರೆ, ದವಾಖಾನೆಗೆ ಹೋಗಲು ಬಿಡುವಿಲ್ಲದ ಹೋಟೆಲ್ ಕಾರ್ಮಿಕನಿಗೂ ಅದು ತಲುಪುತ್ತದೆ.

ಮುಂದಿನ ವೈರಸ್ ಯಾವುದು, ಎಂದು ಬರುತ್ತದೆ ಎಂದು ಯಾರೂ ಹೇಳಲಾರರು. ಅದು ಬಂದಾಗ ರಕ್ತದಲ್ಲಿ ಎಷ್ಟು ಸಕ್ಕರೆ ಇರಬೇಕು ಎಂಬುದನ್ನು ಬಹುಮಟ್ಟಿಗೆ ಇಂದೇ ತೀರ್ಮಾನಿಸಬಹುದು. ಮನೆಯಲ್ಲಿ ಮೂವತ್ತು ದಾಟಿದವರು ಈ ವರ್ಷ ಇನ್ನೂ ಸಕ್ಕರೆ ಪರೀಕ್ಷೆ ಮಾಡಿಸಿಲ್ಲವಾದರೆ, ಓದುಗರು ಈ ವಾರವೇ ಅವರನ್ನು ಪರೀಕ್ಷೆಗೆ ಕರೆದೊಯ್ಯಲಿ.